ರೋಗಿಯ ಕ್ಷೇಮವೂ ಸಹಕಾರಧರ್ಮವೂ

ಇತಿಹಾಸವೆಂದರೆ ಅರಸರ ವಂಶಾವಳಿ, ಕಾಳಗಗಳ ಕಥೆ, ಕೋಟೆಕೊತ್ತಳಗಳ ವರ್ಣನೆ ಎಂದು ತಿಳಿಯುವ ರೂಢಿಯು ಜನರಲ್ಲಿ ಬಹುಕಾಲದಿಂದ ನಡೆದು ಬಂದಿರುತ್ತದೆ. ವಿಜಾಪುರದ ಸೀಮೆಯಲ್ಲಂತೂ ಈ ರೂಢಿಗೆ ಆಸ್ಪದವು ಹೆಚ್ಚು. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವರಿಗೆ ಆದಿಲಶಾಹಿಯ ವೈಭವವೇ ಇತಿಹಾಸವಾಗಿ ತೋರುವದು ಸಹಜವಾದದ್ದು. ಆದರೆ ಅದೇ ನೆಲದ ಮೇಲೆ, ಹುಲ್ಲುಛಾವಣಿಯ ಮನೆಯೊಂದರಲ್ಲಿ, ಚೊಚ್ಚಲ ಹೆರಿಗೆಯ ಹೆಣ್ಣುಮಗಳು ಬೆಳಗಿನ ವರೆಗೆ ಬದುಕಿ ಉಳಿದಳೋ ಇಲ್ಲವೋ ಎಂಬುದನ್ನು ಯಾವ ಶಿಲಾಶಾಸನವೂ ಹೇಳುವದಿಲ್ಲ. ಬಡವನ ಬೇನೆಗೆ ಬಖೈರಿಲ್ಲ. ಹೀಗಿದ್ದರೂ ಒಂದು ನಾಡಿನ ನಿಜವಾದ ಏಳ್ಗೆಯನ್ನು ಅಳೆಯತಕ್ಕ ಕೋಲು ಇದೇ ಆಗಿರುವದು. ದಾಸೋಹವನ್ನೇ ಪ್ರಾಣವಾಗಿ ಉಳ್ಳ ಶ್ರೀಮಠದ ಮಹೋತ್ಸವದ ಈ ಸಂಪುಟದಲ್ಲಿ, ಕೃಷ್ಣಾತೀರದ ಈ ಸೀಮೆಯಲ್ಲಿಯೂ ಸುತ್ತಲಿನ ನಾಡಿನಲ್ಲಿಯೂ ರೋಗಿಗಳ ಆರೈಕೆಯು ಹೇಗೆ ಕ್ರಮಕ್ರಮವಾಗಿ ನಿರ್ಭಯವಾಯಿತು, ಯಾರು ಯಾರ ಕೈಗಳು ಅದಕ್ಕೆ ಕೂಡಿದವು ಎಂಬ ಸಂಗತಿಯನ್ನು ಸಂಗ್ರಹವಾಗಿ ನಿರೂಪಿಸುವದು ಉಚಿತವಾಗಿದೆ.

ಕೃಷ್ಣಾನದಿಯ ದಂಡೆಯ ಮೇಲಿನ ಕೊಲ್ಹಾರವು ಮೊಸರಿಗೆ ಹೆಸರಾದ ಊರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಆ ಗಟ್ಟಿ ಮೊಸರನ್ನು ಸವಿಯದ ದಾರಿಕಾರನು ವಿರಳ. ಅದರ ರುಚಿಯನ್ನು ಹೊಗಳುವವರು ಸಾಮಾನ್ಯವಾಗಿ ಹೆಪ್ಪು ಹಾಕಿದ ಗೃಹಿಣಿಯ ಕೈಗುಣವನ್ನು ಹೊಗಳುವರು. ಅದು ಸುಳ್ಳಲ್ಲ. ಆದರೆ ಅಷ್ಟೇ ಸತ್ಯವೂ ಅಲ್ಲ. ಎಮ್ಮೆಗೆ ಒಳ್ಳೆಯ ಮೇವು ಹಾಕಿದವನು ಒಬ್ಬನು. ಗಡಿಗೆಯನ್ನು ಹದವಾಗಿ ಸುಟ್ಟ ಕುಂಬಾರನು ಮತ್ತೊಬ್ಬನು. ಗಡಿಗೆಯನ್ನು ತೊಳೆದು ಬಿಸಿಲಿಗೆ ಒಣಗಿಸಿದವಳು ಇನ್ನೊಬ್ಬಳು. ಹಾಲನ್ನು ಕಾಸಿ, ಉಗುರುಬೆಚ್ಚಗಾದಾಗ ಹೆಪ್ಪು ಬೆರೆಸಿದವಳು ಮಗುದೊಬ್ಬಳು. ಇವರಲ್ಲಿ ಒಬ್ಬರು ತಪ್ಪಿದರೂ ಉಳಿದವರ ಶ್ರಮವು ಹುಳಿಯಾಗುವದು. ಗಡಿಗೆಯು ಅಶುಚಿಯಾಗಿದ್ದರೆ ಎಂಥ ಕೈಗುಣವೂ ಹಾಲನ್ನು ಕಾಪಾಡಲಾರದು. ವೈದ್ಯದ ವಿಷಯವೂ ಹೀಗೆಯೇ. ‘ಆ ವೈದ್ಯರ ಕೈಗುಣ ಒಳ್ಳೆಯದು’ ಎಂದು ಜನರು ಆಡುವರು. ಆ ಕೈಗೆ ಶುದ್ಧವಾದ ನೀರು ಒದಗಿಸಿದವರು, ಆಯುಧವನ್ನು ಕುದಿಸಿದವರು, ಔಷಧವನ್ನು ಕೆಡದಂತೆ ಇಟ್ಟವರು, ರೋಗಿಯನ್ನು ಹೊತ್ತಿಗೆ ಸರಿಯಾಗಿ ತಂದು ಮುಟ್ಟಿಸಿದವರು ಮರೆಯಲ್ಲಿಯೇ ಉಳಿಯುವರು. ಕೈಗುಣವು ಒಂದು ಕೈಯ ಗುಣವಲ್ಲ, ಕೂಡಿದ ಕೈಗಳ ಗುಣವು ಎಂಬುದೇ ಇತಿಹಾಸವು ಮತ್ತೆ ಮತ್ತೆ ಕಲಿಸಿದ ಪಾಠವಾಗಿದೆ.

ಶರಣಧರ್ಮಕ್ಕೆ ಈ ಪಾಠವು ಹೊಸದಲ್ಲ. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯು ಕೊಲ್ಹಾರಕ್ಕೆ ನೆರೆಯೂರು. ಬಹುಕಾಲ ಕೊಲ್ಹಾರವು ಆ ತಾಲೂಕಿಗೇ ಸೇರಿತ್ತು. 2018ರಿಂದ ತಾನೇ ತಾಲೂಕಿನ ಊರಾಯಿತು. ಹನ್ನೆರಡನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನು ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡಿದ್ದನು. ರೋಗವನ್ನು ನೋಡುವದೂ ಒಂದು ಕಾಯಕವೆಂದು ಒಪ್ಪಿದ ಮೇಲೆ, ಅದಕ್ಕೂ ಕಾಯಕದ ಎರಡು ಕಟ್ಟಳೆಗಳು ಅನ್ವಯಿಸುವವು: ಅದು ಶುದ್ಧವಾಗಿರಬೇಕು, ಮತ್ತು ಅದರ ಫಲವು ಸಮಾಜಕ್ಕೆ ಸಲ್ಲಬೇಕು. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಈ ಪ್ರಸಂಗದಲ್ಲಿ ನೆನೆಯತಕ್ಕದ್ದು. ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ಅದನ್ನು ಕಂಡು ಸುಮ್ಮನಿರಲಿಲ್ಲ. ಹೆಚ್ಚಿನ ಅಕ್ಕಿಯನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಗಂಡನಿಗೆ ತಿಳಿಸಿದಳು. ಅವನೂ ಮುನಿಯದೆ ಹಾಗೆಯೇ ಮಾಡಿದನು. ತಪ್ಪನ್ನು ಕಂಡವರು ಹೇಳಬೇಕು, ಕೇಳಿದವರು ತಿದ್ದಿಕೊಳ್ಳಬೇಕು. ಹೇಳಿದವರ ಸ್ಥಾನವು ದೊಡ್ಡದೋ ಚಿಕ್ಕದೋ ಎಂಬ ವಿಚಾರವು ಅಲ್ಲಿ ಸಲ್ಲದು. ಅನುಭವ ಮಂಟಪದ ಈ ನೀತಿಯು ಎಂಟುನೂರು ವರುಷಗಳ ತರುವಾಯ ಜಗತ್ತಿನ ದೊಡ್ಡ ದವಾಖಾನೆಗಳು ಕಷ್ಟಪಟ್ಟು ಕಲಿಯಬೇಕಾದ ನೀತಿಯಾಯಿತೆಂಬುದು ಮುಂದಿನ ವೃತ್ತಾಂತದಿಂದ ತಿಳಿದು ಬರುವದು.

1896ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ಮುಂಬಯಿ ಪಟ್ಟಣದಲ್ಲಿ ಪ್ಲೇಗು ಕಾಣಿಸಿಕೊಂಡಿತು. ವಿಜಾಪುರ, ಬೆಳಗಾವಿ, ಧಾರವಾಡ ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಬೇನೆಯು ಕ್ರಮೇಣ ದಕ್ಷಿಣಕ್ಕೆ ಇಳಿಯಿತು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ವಾಸಿಸಿದ ಸಂಗತಿಯನ್ನು ಉತ್ತರ ಕರ್ನಾಟಕದ ಹಿರಿಯರು ಮೊಮ್ಮಕ್ಕಳ ಕಾಲದ ವರೆಗೂ ಹೇಳುತ್ತಿದ್ದರು. ಸರಕಾರವು 1897ರ ಫೆಬ್ರುವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಹೊರಡಿಸಿತು. ಪುಣೆಯಲ್ಲಿ ಸಿಪಾಯಿಗಳು ಮನೆ ಹೊಕ್ಕು ಶೋಧಿಸಿದರು. ದೇವರಮನೆ, ಅಡಿಗೆಮನೆಗಳ ಮರ್ಯಾದೆಯು ಉಳಿಯಲಿಲ್ಲ. ಜನರು ರೋಗಕ್ಕಿಂತ ಹೆಚ್ಚಾಗಿ ರೋಗವನ್ನು ಹುಡುಕುವವರಿಗೆ ಹೆದರಿದರು, ರೋಗಿಗಳನ್ನು ಮುಚ್ಚಿಟ್ಟರು. ಅಲ್ಲಿಯ ಪ್ಲೇಗು ಅಧಿಕಾರಿಯಾದ ರ್‍ಯಾಂಡನು 1897ರ ಜೂನ್ 22ರಂದು ಗುಂಡಿಗೆ ಗುರಿಯಾದನು. ಉದ್ದೇಶವು ರೋಗನಿವಾರಣೆಯೇ ಆಗಿದ್ದರೂ, ಜನರನ್ನು ಜೊತೆಗೆ ತೆಗೆದುಕೊಳ್ಳದ ಆರೈಕೆಯು ದಂಡನೆಯಂತೆ ತೋರುವದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಕಾಗಿಲ್ಲ.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿಯು ಪ್ಲೇಗಿನ ಲಸಿಕೆಯನ್ನು ಸಿದ್ಧಗೊಳಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. 1898ರಲ್ಲಿ ಹುಬ್ಬಳ್ಳಿಯಲ್ಲಿ ಪ್ಲೇಗು ಹಾವಳಿ ಮಾಡಿದಾಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ 30,000ಕ್ಕೂ ಹೆಚ್ಚು ಜನರಿಗೆ ಈ ಲಸಿಕೆಯನ್ನು ಹಾಕಲಾಯಿತು. ಒಂದೇ ಪಟ್ಟಣದಲ್ಲಿ ಇಷ್ಟು ಜನರು ಚುಚ್ಚಿಸಿಕೊಂಡದ್ದು ಆ ಕಾಲಕ್ಕೆ ದೊಡ್ಡ ಮಾತಾಗಿತ್ತು. ಚುಚ್ಚಿಸಿಕೊಂಡವರಲ್ಲಿ ಮರಣವು ಕಡಿಮೆಯೆಂಬುದು ಲೆಕ್ಕದಿಂದ ತಿಳಿದು ಬಂದಿತು. ಕನ್ನಡ ನೆಲದ ಆ ಲೆಕ್ಕವು ಜಗತ್ತಿನ ವೈದ್ಯಗ್ರಂಥಗಳಲ್ಲಿ ಸ್ಥಾನ ಪಡೆಯಿತು.

ಆದರೆ ಒಳ್ಳೆಯ ಔಷಧವೂ ಅಜಾಗರೂಕತೆಯಿಂದ ವಿಷವಾಗಬಲ್ಲದು. 1902ರ ಅಕ್ಟೋಬರ 30ರಂದು ಪಂಜಾಬದ ಮಲ್ಕೋವಾಲ ಎಂಬ ಹಳ್ಳಿಯಲ್ಲಿ 107 ಜನರಿಗೆ ಪ್ಲೇಗಿನ ಲಸಿಕೆಯನ್ನು ಹಾಕಲಾಯಿತು. ಅವರಲ್ಲಿ ಒಂದೇ ಶೀಶೆಯಿಂದ ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಮರಣ ಹೊಂದಿದರು. ದೋಷವು ಹಾಫ್ಕಿನ್ನನ ಪ್ರಯೋಗಶಾಲೆಯದೆಂದು ಮೊದಲು ಹೊರಿಸಲಾಯಿತು; ಆತನು ಕೆಲಸದಿಂದ ದೂರವಾಗಬೇಕಾಯಿತು. ಕಾಗದಪತ್ರಗಳನ್ನು ಕೂಲಂಕಷವಾಗಿ ಶೋಧಿಸಿದ ಮೇಲೆ ನಿಜವು ಬೇರೆಯಾಗಿ ಕಂಡಿತು. ಹಳ್ಳಿಯಲ್ಲಿ ಶೀಶೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯೊಳಗಿನ ಇಕ್ಕುಳವು ನೆಲಕ್ಕೆ ಬಿದ್ದಿತ್ತು. ಅದನ್ನು ತಕ್ಕಂತೆ ಶುದ್ಧಗೊಳಿಸದೆ ಮತ್ತೆ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಬಹಿರಂಗವಾಗಿ ಪತ್ರ ಬರೆದು ನ್ಯಾಯವನ್ನು ಕೇಳಿದರು. 1907ರಲ್ಲಿ ಹಾಫ್ಕಿನ್ನನು ನಿರ್ದೋಷಿಯೆನಿಸಿದನು. 1925ರಲ್ಲಿ ಮುಂಬಯಿಯ ಆ ಪ್ರಯೋಗಶಾಲೆಗೆ ಆತನ ಹೆಸರನ್ನೇ ಇಡಲಾಯಿತು.

ಈ ದುರಂತದಲ್ಲಿ ಎರಡು ಪಾಠಗಳು ಅಡಗಿರುವವು. ಮೊದಲನೆಯದು: ನೆಲಕ್ಕೆ ಬಿದ್ದ ಇಕ್ಕುಳವನ್ನು ಕಂಡ ಕ್ಷಣದಲ್ಲಿ ‘ತಡೆಯಿರಿ’ ಎಂಬ ಒಂದು ಮಾತು ಎದ್ದಿದ್ದರೆ 19 ಜೀವಗಳು ಉಳಿಯುತ್ತಿದ್ದವು. ಎರಡನೆಯದು: ಅನರ್ಥವಾದ ಮೇಲೆ ಒಬ್ಬ ಮನುಷ್ಯನನ್ನು ಹಿಡಿದು ದೂರುವದು ಸುಲಭ, ಎಲ್ಲಿ, ಯಾವ ಹೆಜ್ಜೆಯಲ್ಲಿ, ಹೇಗೆ ತಪ್ಪಿತೆಂದು ಎಲ್ಲರೂ ಕುಳಿತು ಶೋಧಿಸುವದು ಕಠಿಣ. ದೂರಿದ್ದರಿಂದ ಒಬ್ಬ ಸಜ್ಜನನ ಐದು ವರುಷಗಳು ಹಾಳಾದವು. ಶೋಧಿಸಿದ್ದರಿಂದ ಮುಂದಿನವರಿಗೆ ದಾರಿ ಸಿಕ್ಕಿತು. ರೋಗಿಯ ಕ್ಷೇಮವನ್ನು ಬಯಸುವ ಯಾವ ಸಂಸ್ಥೆಯಾದರೂ ಈ ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳತಕ್ಕದ್ದೆಂಬುದು ಸ್ಪಷ್ಟವಾಗಿದೆ.

ಪ್ಲೇಗಿನಂತೆ ಒಮ್ಮೆಲೇ ಬಂದು ಹೋಗುವ ಮಾರಿಯಲ್ಲ ನಾರುಹುಣ್ಣು. ಅದು ಬಿಸಿಲುನಾಡಿನ ಮನೆಮನೆಯ ಬೇನೆಯಾಗಿತ್ತು. ಮಳೆಯು ವಿರಳವಾಗಿ, ನೀರಿಗೆ ಪಾವಟಿಗೆಯ ಬಾವಿಗಳನ್ನೇ ನೆಚ್ಚಿದ್ದ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅದರ ಕಾಟವು ಹೇಳತೀರದಷ್ಟಿತ್ತು. ಕಾಲಿನಲ್ಲಿ ಬೊಬ್ಬೆಯೆದ್ದು, ಒಡೆದು, ಬಿಳಿಯ ದಾರದಂಥ ಹುಳವು ಹೊರಗೆ ತಲೆ ತೋರುವದು. ಅದನ್ನು ಕಡ್ಡಿಗೆ ಸುತ್ತುತ್ತ, ದಿನಕ್ಕೆ ಅಷ್ಟಿಷ್ಟು ಎಳೆಯುತ್ತ, ವಾರಗಟ್ಟಲೆ ನರಳಬೇಕಾಗಿತ್ತು. ನಡುವೆ ಹರಿದರೆ ಕೀವು ತುಂಬಿ ಕಾಲೇ ಊನವಾಗುವ ಭಯವಿತ್ತು. ಸುಗ್ಗಿಯ ದಿನಗಳಲ್ಲಿ ಒಕ್ಕಲಿಗನು ಹಾಸಿಗೆ ಹಿಡಿದರೆ ಆ ವರುಷದ ಬೆಳೆಯೂ ಹೊಲದಲ್ಲಿಯೇ ಹಾಳಾಗುವದು. ಈ ಬೇನೆಯು ಪೂರ್ವಜನ್ಮದ ಪಾಪವೆಂದು ಕೆಲವರು ತಿಳಿದರು. ನಿಜವಾದ ಕಾರಣವು ಕುಡಿಯುವ ನೀರಿನಲ್ಲಿತ್ತು. 1870ರ ಸುಮಾರಿಗೆ ಫೆಡ್ಚೆಂಕೋ ಎಂಬ ರಶಿಯಾದ ವಿದ್ವಾಂಸನು ಇದರ ರಹಸ್ಯವನ್ನು ಕಂಡುಹಿಡಿದನು. ಹುಣ್ಣಿನ ಕಾಲನ್ನು ಬಾವಿಯ ನೀರಿನಲ್ಲಿ ಅದ್ದಿದಾಗ ಹುಳದ ಮರಿಗಳು ನೀರಿಗೆ ಇಳಿಯುವವು. ಅವನ್ನು ಕಣ್ಣಿಗೆ ಕಂಡೂ ಕಾಣದ ಒಂದು ಜಲಕೀಟವು ನುಂಗುವದು. ಆ ನೀರನ್ನು ಕುಡಿದವನ ಮೈಯಲ್ಲಿ ಮರಿಯು ಬೆಳೆದು, ಸುಮಾರು ಒಂದು ವರುಷದ ಮೇಲೆ ಹೊರಬೀಳುವದು.

ಈ ಬೇನೆಗೆ ಔಷಧವಿಲ್ಲ, ಲಸಿಕೆಯೂ ಇಲ್ಲ. ಎಂಥ ಕೈಗುಣದ ವೈದ್ಯನಾದರೂ ಇದನ್ನು ಒಬ್ಬನೇ ಗೆಲ್ಲಲಾರನು. ಆದರೂ ಇದು ಭಾರತದಿಂದ ಪೂರ್ಣವಾಗಿ ಅಳಿದು ಹೋಯಿತೆಂಬುದು ಸಹಕಾರದ ಮಹಿಮೆಯನ್ನು ಸಾರುವದು. 1983-84ರಲ್ಲಿ ಭಾರತ ಸರಕಾರವು ಇದರ ನಿರ್ಮೂಲನದ ಕಾರ್ಯಕ್ರಮವನ್ನು ಹಮ್ಮಿಕೊಂಡಾಗ ದೇಶದಲ್ಲಿ ವರುಷಕ್ಕೆ ಸುಮಾರು 40,000 ರೋಗಿಗಳಿದ್ದರು. ಬೇನೆಯಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು. ಅಭಿಯಂತರರು ಪಾವಟಿಗೆಯ ಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾರ್ಪಡಿಸಿದರು, ಕೊಳವೆಬಾವಿಗಳನ್ನು ಕೊರೆಸಿದರು. ನೀರಿನ ಕೀಟವನ್ನು ಕೊಲ್ಲುವ ಮದ್ದನ್ನು ಅಳತೆಯಿಂದ ಬಾವಿಗೆ ಹಾಕಲಾಯಿತು. ಹುಣ್ಣಿದ್ದವರನ್ನು ನೀರಿಗೆ ಇಳಿಯದಂತೆ ಊರವರೇ ತಡೆದರು. ಇವೆಲ್ಲಕ್ಕೂ ಮೇಲಾಗಿ ಮನೆಯ ಹೆಣ್ಣುಮಕ್ಕಳು ಕೊಡದ ಬಾಯಿಗೆ ಅರಿವೆ ಕಟ್ಟಿ ನೀರನ್ನು ಸೋಸಿದರು. ನೀರು ಸೋಸಿ ಕುಡಿಯುವ ಹಿರಿಯರ ಹಳೆಯ ಆಚಾರಕ್ಕೆ ವಿಜ್ಞಾನವು ಹೀಗೆ ಹೊಸ ಪ್ರಮಾಣವನ್ನು ಕೊಟ್ಟಿತು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡ ರೋಗಿಯೇ ಭಾರತದ ಕೊನೆಯ ನಾರುಹುಣ್ಣಿನ ರೋಗಿಯಾದನು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ಈ ಬೇನೆಯಿಂದ ಮುಕ್ತವಾಯಿತೆಂದು ಸಾರಿತು. ಇವರಲ್ಲಿ ಯಾರೊಬ್ಬರ ಮೂರ್ತಿಯನ್ನೂ ಯಾವ ಚೌಕದಲ್ಲಿಯೂ ನಿಲ್ಲಿಸಿಲ್ಲ. ನಿಲ್ಲಿಸಬೇಕೆಂದರೆ ಕೊಡಕ್ಕೆ ಅರಿವೆ ಕಟ್ಟಿದ ಅನಾಮಿಕ ತಾಯಿಯ ಮೂರ್ತಿಯನ್ನು ನಿಲ್ಲಿಸಬೇಕು.

ಇನ್ನು ಹೆರಿಗೆಯ ವಿಷಯ. ಹೆಣ್ಣಿಗೆ ಹೆರಿಗೆಯು ಮರುಹುಟ್ಟು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಹಿಂದೆ ಪ್ರತಿಯೊಂದು ಊರಿಗೂ ಸೂಲಗಿತ್ತಿಯೇ ವೈದ್ಯಳಾಗಿದ್ದಳು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಕೂಲಿಯನ್ನು ಬಯಸದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದು, ಅದೇ ವರುಷದ ಡಿಸೆಂಬರದಲ್ಲಿ ಲಿಂಗೈಕ್ಯರಾದವರಂತೆ ಶಾಂತರಾಗಿ ಕಾಲವಶರಾದರು. ಅಂಥ ತಾಯಂದಿರ ಕೈಗುಣವನ್ನು ತುಚ್ಛೀಕರಿಸುವದು ಕೃತಘ್ನತೆ. ಆದರೆ ರಕ್ತಸ್ರಾವವು ನಿಲ್ಲದಿದ್ದಾಗ, ಕೂಸು ಅಡ್ಡವಾದಾಗ, ಬಾಣಂತಿ ಸನ್ನಿಯು ಏರಿದಾಗ ಒಂಟಿಯಾದ ಕೈಯು ಏನೂ ಮಾಡಲಾರದು. ಆ ಹೊತ್ತಿಗೆ ಮತ್ತೊಂದು ಕೈ ಒದಗದಿದ್ದರೆ ತೊಟ್ಟಿಲು ಕಟ್ಟಬೇಕಾದ ಮನೆಯಲ್ಲಿ ಗೋರಿಯ ಮಾತು ನಡೆಯುವದು.

ದೊಡ್ಡ ದವಾಖಾನೆಯಿದ್ದ ಮಾತ್ರಕ್ಕೆ ಭಯವು ತಪ್ಪುವದೆಂದೂ ತಿಳಿಯಬಾರದು. ಆಸ್ಟ್ರಿಯ ದೇಶದ ವಿಯೆನ್ನಾ ಪಟ್ಟಣದ ದೊಡ್ಡ ಹೆರಿಗೆಮನೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಶವಗಳನ್ನು ಛೇದಿಸಿದ ಕೈಯಿಂದಲೇ ವೈದ್ಯರು ಹೆರಿಗೆಯನ್ನು ಮಾಡಿಸುತ್ತಿದ್ದುದು ಇದಕ್ಕೆ ಕಾರಣವೆಂದು ಸೆಮ್ಮೆಲ್ವೈಸ್ ಎಂಬ ತರುಣ ವೈದ್ಯನು ಕಂಡುಕೊಂಡನು; 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಿಂದ ಕೈ ತೊಳೆಯುವ ಕಟ್ಟಳೆಯನ್ನು ತಂದನು. ಆ ವರುಷದ ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಮರಣವು ಜೂನ್‌ನಲ್ಲಿ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಇಷ್ಟಾದರೂ ಹಿರಿಯ ವೈದ್ಯರಲ್ಲಿ ಬಹಳ ಜನರು ಒಪ್ಪಲಿಲ್ಲ. ತಮ್ಮ ಕೈಯೇ ಮೃತ್ಯುವನ್ನು ಹೊತ್ತು ತಂದಿತೆಂಬ ಮಾತನ್ನು ಅವರು ಸಹಿಸದಾದರು. ಸೆಮ್ಮೆಲ್ವೈಸನೂ ಅವರನ್ನು ಒಲಿಸಿಕೊಳ್ಳುವ ದಾರಿಯನ್ನು ಅರಿಯದೆ ಹೋದನು. 1865ರಲ್ಲಿ ಆತನು ದುಃಖದಲ್ಲಿಯೇ ತೀರಿಕೊಂಡನು. ಸತ್ಯವು ಒಬ್ಬನಿಗೆ ತಿಳಿದರೆ ಸಾಲದು, ಹತ್ತು ಜನರ ಆಚಾರವಾಗಬೇಕು. ಇಲ್ಲವಾದರೆ ಅದು ಗ್ರಂಥದಲ್ಲಿಯೇ ಉಳಿಯುವದು.

ಈ ಪಾಠವನ್ನು ಕನ್ನಡ ನಾಡು ತನ್ನದೇ ರೀತಿಯಲ್ಲಿ ಆಚರಣೆಗೆ ತಂದಿತು. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು 1963ರಲ್ಲಿ ಸ್ಥಾಪಿತವಾದದ್ದು; ಅದನ್ನು ಕಟ್ಟಿದ ಕೆ. ಎಲ್. ಇ. ಸಂಸ್ಥೆಯು 1916ರಲ್ಲಿ ಹುಟ್ಟಿತು. ಆ ವಿದ್ಯಾಲಯದ ವೈದ್ಯರು ಪರದೇಶದ ವಿದ್ವಾಂಸರೊಡನೆ ಕೂಡಿ 2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ನಡೆಯಿಸಿದರು. ಹೆರಿಗೆಯ ಕೂಡಲೇ ತಾಯಿಗೆ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಬಾಯಿಂದ ಕೊಟ್ಟರೆ ರಕ್ತಸ್ರಾವವು ತಗ್ಗುವದೇ ಎಂಬುದು ಅದರ ವಿಷಯ. 1620 ತಾಯಂದಿರು ಅದರಲ್ಲಿ ಸೇರಿದ್ದರು. ಗುಳಿಗೆಯನ್ನು ಕೊಟ್ಟವರು ದೊಡ್ಡ ವೈದ್ಯರಲ್ಲ, ಹಳ್ಳಿಯ ಆರೋಗ್ಯ ಸಹಾಯಕಿಯರು. ಹೆಚ್ಚು ರಕ್ತ ಹೋಗುವ ಪ್ರಸಂಗಗಳು ನೂರಕ್ಕೆ 12ರಿಂದ 6.4ಕ್ಕೆ ಇಳಿದವು. 2006ರಲ್ಲಿ ಈ ಫಲವು ಪ್ರಕಟವಾಯಿತು. ಸೂಜಿಯಿಲ್ಲದ, ತಂಪಿನ ಪೆಟ್ಟಿಗೆಯ ಹಂಗಿಲ್ಲದ ಒಂದು ಗುಳಿಗೆಯು ಬಡವರ ಮನೆಯ ತಾಯಿಯನ್ನೂ ಕಾಪಾಡಬಲ್ಲದೆಂಬುದು ಲೋಕಕ್ಕೆ ತಿಳಿಯಿತು.

ಇದರ ತರುವಾಯ ಬಂದದ್ದು ಯಾದಿಯ ಪದ್ಧತಿ. ಮದುವೆಯ ಮನೆಯಲ್ಲಿ ಸಾಮಾನುಗಳ ಯಾದಿಯಿಲ್ಲದೆ ಯಾರೂ ಪೇಟೆಗೆ ಹೋಗುವದಿಲ್ಲ. ನೆನಪನ್ನು ನೆಚ್ಚಿ ಹೋದವನು ಅರಿಷಿಣವನ್ನೇ ಮರೆತು ಬರುವನು. ಹೀಗಿರಲು ಜೀವವನ್ನು ಕಾಯುವ ಕೆಲಸದಲ್ಲಿ ಯಾದಿಯು ಬೇಡವೇ? ಶಸ್ತ್ರಚಿಕಿತ್ಸೆಗೆ ಮುಂಚೆಯೂ ಮೇಲೆಯೂ ನೋಡಬೇಕಾದ 19 ಅಂಶಗಳ ಯಾದಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು ಸಿದ್ಧಗೊಳಿಸಿತು. ದಿಲ್ಲಿಯನ್ನು ಒಳಗೊಂಡು ಎಂಟು ಪಟ್ಟಣಗಳ ದವಾಖಾನೆಗಳಲ್ಲಿ ಅದನ್ನು ಪರೀಕ್ಷಿಸಿದಾಗ ಮರಣವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಅದರ ಜಾಡಿನಲ್ಲಿಯೇ ಹೆರಿಗೆಗೆ 29 ಅಂಶಗಳ ಯಾದಿಯು ಸಿದ್ಧವಾಯಿತು. ಅದರ ಮೊದಲ ಪರೀಕ್ಷೆಯು 2010ರಲ್ಲಿ ಕರ್ನಾಟಕದ ತಾಲೂಕು ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿಯೇ ನಡೆಯಿತು. ಬೆಳಗಾವಿಯ ವೈದ್ಯರೂ ಅದರಲ್ಲಿ ಕೂಡಿದ್ದರು. ಕೈ ತೊಳೆದಾಯಿತೇ, ರಕ್ತದೊತ್ತಡವನ್ನು ನೋಡಿದರೇ, ಕೂಸಿಗೆ ಉಸಿರು ಕೊಡುವ ಚೀಲವು ಹತ್ತಿರದಲ್ಲಿದೆಯೇ, ತಾಯಿಯ ರಕ್ತಸ್ರಾವವು ಅಳತೆಯಲ್ಲಿದೆಯೇ ಎಂಬಂಥ ಸರಳ ಪ್ರಶ್ನೆಗಳೇ ಅದರಲ್ಲಿದ್ದವು. ಯಾದಿಯು ಬರುವದಕ್ಕೆ ಮುಂಚೆ 29ರಲ್ಲಿ ಸರಾಸರಿ 10 ಕಾರ್ಯಗಳು ಮಾತ್ರ ನಡೆಯುತ್ತಿದ್ದವು. ಯಾದಿಯು ಬಂದ ಮೇಲೆ 25 ನಡೆದವು. ದಾದಿಯರಿಗೆ ತಿಳಿವಳಿಕೆಯಿರಲಿಲ್ಲವೆಂದಲ್ಲ. ಅವಸರದಲ್ಲಿ, ದಣಿವಿನಲ್ಲಿ, ನಡುರಾತ್ರಿಯಲ್ಲಿ ಮನುಷ್ಯನ ನೆನಪು ಕೈಕೊಡುವದು. ಆ ಹೊತ್ತಿಗೆ ಯಾದಿಯು ಒಬ್ಬ ಸಂಗಡಿಗನಂತೆ ಎಚ್ಚರಿಸುವದು.

ಆದರೆ ಸತ್ಯವನ್ನು ಹೇಳುವಾಗ ಅನುಕೂಲವಾದದ್ದನ್ನು ಮಾತ್ರ ಹೇಳಬಾರದು. ಇದೇ ಯಾದಿಯನ್ನು ಮುಂದೆ ಉತ್ತರಪ್ರದೇಶದ 120 ಕೇಂದ್ರಗಳಲ್ಲಿ ವಿಸ್ತಾರವಾಗಿ ಪರೀಕ್ಷಿಸಲಾಯಿತು. ಅವುಗಳಲ್ಲಿ ಅರ್ಧಕ್ಕೆ ಯಾದಿಯೂ ಮಾರ್ಗದರ್ಶನವೂ ದೊರೆತವು. 2017ರಲ್ಲಿ ಪ್ರಕಟವಾದ ಫಲವು ಹೀಗಿತ್ತು: ಮಾರ್ಗದರ್ಶನವಿದ್ದ ಕೇಂದ್ರಗಳಲ್ಲಿ ಕೆಲಸದ ಕ್ರಮವು ಸುಧಾರಿಸಿತು, ತಾಯಿ ಮಕ್ಕಳ ಮರಣದಲ್ಲಿ ಮಾತ್ರ ಗಣನೀಯವಾದ ಭೇದವು ಕಾಣಲಿಲ್ಲ. ಇದನ್ನು ಕಂಡು ಯಾದಿಯನ್ನು ಹರಿದೊಗೆಯುವವನು ಅವಿವೇಕಿ. ಇದನ್ನು ಮುಚ್ಚಿಡುವವನು ವಂಚಕ. ವಿವೇಕಿಯು ಕೇಳತಕ್ಕ ಪ್ರಶ್ನೆಯೇ ಬೇರೆ. ಹೆರಿಗೆಯ ಕೋಣೆಯೊಳಗೆ ಕೈಗಳು ಕೂಡಿದವು, ಒಳ್ಳೆಯದು. ಕೋಣೆಯ ಹೊರಗೆ ರಕ್ತವು ಸಿದ್ಧವಿತ್ತೇ? ಶಸ್ತ್ರವೈದ್ಯನಿದ್ದನೇ? ವಾಹನವು ನಿಂತಿತ್ತೇ? ಮುಂದಿನ ದವಾಖಾನೆಯವರು ಎದುರುಗೊಳ್ಳಲು ಎದ್ದಿದ್ದರೇ? ಗಡಿಗೆ ಮಾತ್ರ ಶುಚಿಯಾದರೆ ಮೊಸರಾಗುವದಿಲ್ಲ. ಹಾಲೂ ಬೇಕು, ಹೆಪ್ಪೂ ಬೇಕು.

ಈ ಸೀಮೆಯಲ್ಲಿ ಅದರ ಒಂದು ಮಾರ್ಗವನ್ನು ತೋರಿದ ಪ್ರಯತ್ನವೆಂದರೆ ‘ಸುಕ್ಷೇಮ’ ಎಂಬ ಯೋಜನೆ. ಕರ್ನಾಟಕ ಸರಕಾರ, ಕರ್ನಾಟಕ ಆರೋಗ್ಯ ಸಂವರ್ಧನಾ ಟ್ರಸ್ಟ್ ಹಾಗೂ ಕೆನಡಾ ದೇಶದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಮೊದಲಾದ ಸಂಸ್ಥೆಗಳು ಕೂಡಿ ಉತ್ತರ ಕರ್ನಾಟಕದ ಎಂಟು ಜಿಲ್ಲೆಗಳಲ್ಲಿ 2015ರ ವರೆಗೆ ಅದನ್ನು ನಡೆಯಿಸಿದವು. ವಿಜಾಪುರ, ಬಾಗಲಕೋಟೆ, ಕಲಬುರಗಿ, ಬಳ್ಳಾರಿ, ಬೀದರ, ರಾಯಚೂರು, ಕೊಪ್ಪಳ, ಯಾದಗಿರಿಗಳೇ ಆ ಜಿಲ್ಲೆಗಳು. ಅನುಭವಿಯಾದ ದಾದಿಯು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಅಲ್ಲಿಯ ನರ್ಸಬಾಯಿಯ ಜೊತೆಯಲ್ಲಿಯೇ ಇದ್ದು, ಕೆಲಸವನ್ನು ಮಾಡುತ್ತ ಕಲಿಸುವದು ಅದರ ಜೀವಾಳ. ತಪಾಸಣೆಗೆ ಬಂದ ಅಧಿಕಾರಿಯಂತೆ ತಪ್ಪು ಬರೆದುಕೊಂಡು ಹೋಗುವದಲ್ಲ. ಕೇಂದ್ರದವರೇ ತಮ್ಮ ಕೊರತೆಗಳನ್ನು ಗುರುತಿಸಿ, ತಾವೇ ಉಪಾಯವನ್ನು ಯೋಚಿಸುವಂತೆ ಮಾಡುವದು. ಪ್ರತಿ ತಾಯಿಯ ವಿವರವನ್ನು ಬರೆಯಲು ಹೆಜ್ಜೆಹೆಜ್ಜೆಗೂ ಎಚ್ಚರಿಸುವ ಪತ್ರಕವನ್ನು ಸಿದ್ಧಗೊಳಿಸಲಾಯಿತು. ಬಳ್ಳಾರಿ ಹಾಗೂ ಕಲಬುರಗಿ ಜಿಲ್ಲೆಗಳಲ್ಲಿ ಹೋಲಿಸಿ ನೋಡಿದಾಗ ಇಂಥ ಜೊತೆಗಾರ್ತಿಯಿದ್ದ ಕೇಂದ್ರಗಳ ಸಿದ್ಧತೆಯೂ ದಾದಿಯರ ತಿಳಿವಳಿಕೆಯೂ ಹೆಚ್ಚಾದುದು ಕಂಡು ಬಂದಿತು. ಗುರುಕುಲದಲ್ಲಿ ಹಿರಿಯ ವಿದ್ಯಾರ್ಥಿಯು ಕಿರಿಯನ ಪಕ್ಕದಲ್ಲಿ ಕುಳಿತು ಪಾಠವನ್ನು ಒಪ್ಪಿಸಿಕೊಳ್ಳುವ ಪದ್ಧತಿಯನ್ನು ಬಲ್ಲವರಿಗೆ ಇದರ ಬೆಲೆಯು ಸುಲಭವಾಗಿ ತಿಳಿಯುವದು.

ಇವೆಲ್ಲ ಕೂಡಿದ್ದರ ಫಲವೇನು? ಕರ್ನಾಟಕದಲ್ಲಿ 2005-06ರ ಸುಮಾರಿಗೆ ನೂರರಲ್ಲಿ 65 ಹೆರಿಗೆಗಳು ಮಾತ್ರ ದವಾಖಾನೆಗಳಲ್ಲಿ ಆಗುತ್ತಿದ್ದವು. 2019-20ರ ಹೊತ್ತಿಗೆ ಅವು 97ಕ್ಕೆ ಏರಿದವು. 2008ರ ನವೆಂಬರದಿಂದ 108ರ ವಾಹನವು ಹಳ್ಳಿಯ ಬಾಗಿಲಿಗೆ ಬರತೊಡಗಿತು. ಆಶಾ ಕಾರ್ಯಕರ್ತೆಯರು ಬಸುರಿಯರ ಕೈ ಹಿಡಿದು ನಡೆಯಿಸಿದರು. 2001-03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದ ನಾಡಿನಲ್ಲಿ 2018-20ರ ಲೆಕ್ಕಕ್ಕೆ ಆ ಸಂಖ್ಯೆಯು 69ಕ್ಕೆ ಇಳಿಯಿತು. ಸಂತೋಷಪಡತಕ್ಕ ಸಂಗತಿ. ಆದರೆ ಆ 69ರಲ್ಲಿ ಒಬ್ಬೊಬ್ಬಳೂ ಒಂದೊಂದು ಮನೆಯ ದೀಪವಾಗಿದ್ದಳೆಂಬುದನ್ನು ಮರೆಯಲಾಗದು.

ಈ ಕಾರ್ಯದಲ್ಲಿ ಸಮಾಜದ ಸಂಸ್ಥೆಗಳ ಪಾತ್ರವು ಅಲ್ಪವಲ್ಲ. ವಚನಪಿತಾಮಹರಾದ ಡಾ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಮಾಡುತ್ತ ತಾಡವೋಲೆಗಳನ್ನು ಸಂಗ್ರಹಿಸಿದ್ದನ್ನು ಎಲ್ಲರೂ ಬಲ್ಲರು. ಅವರೇ 1910ರಲ್ಲಿ ಬಿ. ಎಲ್. ಡಿ. ಇ. ಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಿದವರಲ್ಲಿ ಮುಂದಾಳುಗಳಾಗಿದ್ದರು. ವಚನ, ವಿದ್ಯೆ, ಸಹಕಾರ ಈ ಮೂರೂ ಅವರಿಗೆ ಒಂದೇ ಲಿಂಗದ ಮೂರು ಮುಖಗಳಾಗಿದ್ದವು. ಅವರು ನೆಟ್ಟ ಆ ವಿದ್ಯಾವೃಕ್ಷದಲ್ಲಿಯೇ 1986ರಲ್ಲಿ ವೈದ್ಯಕೀಯ ಮಹಾವಿದ್ಯಾಲಯವೆಂಬ ಕೊಂಬೆಯು ಚಿಗುರಿತು. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಹಕಾರ ಸಂಘದ ಬೀಜವೂ ವೈದ್ಯಕ್ಷೇತ್ರದಲ್ಲಿ ಫಲಿಸಿತು. 2003ರಲ್ಲಿ ಆರಂಭವಾದ ‘ಯಶಸ್ವಿನಿ’ ಯೋಜನೆಯು ಸಹಕಾರ ಸಂಘಗಳ ಸದಸ್ಯರಾದ ಒಕ್ಕಲಿಗರು ಮೊದಲಲ್ಲಿ ವರುಷಕ್ಕೆ 60 ರೂಪಾಯಿ ಕೂಡಿಸಿ, ಕಷ್ಟ ಬಂದವನಿಗೆ ಶಸ್ತ್ರಚಿಕಿತ್ಸೆಯನ್ನು ಒದಗಿಸುವ ಏರ್ಪಾಡಾಗಿತ್ತು. 2018ರಲ್ಲಿ ಅದು ಬೇರೊಂದು ಯೋಜನೆಯಲ್ಲಿ ಲೀನವಾಗಿ, 2022ರಲ್ಲಿ ಮರಳಿ ಸಾರಲ್ಪಟ್ಟಿತು. ಬೇನೆ ಬೀಳದವನ ಹಣವು ಬೇನೆ ಬಿದ್ದವನಿಗೆ ಸಲ್ಲುವದೇ ದಾಸೋಹವಲ್ಲದೆ ಮತ್ತೇನು?

ಇಷ್ಟನ್ನು ಹೇಳಿದ ಮೇಲೆ ಮಠಗಳು ತಮ್ಮ ಕಡೆಗೂ ನೋಡಿಕೊಳ್ಳತಕ್ಕದ್ದು. ಭಕ್ತನು ಬೇನೆ ಬಿದ್ದವರನ್ನು ಮೊದಲು ಮಠಕ್ಕೆ ಕರೆತರುವದು ಈ ನಾಡಿನ ಹಳೆಯ ಪದ್ಧತಿ. ವಿಭೂತಿಯನ್ನು ಪಡೆದು, ಗುರುವಿನ ಪಾದಕ್ಕೆ ಎರಗಿದರೆ ಮನಸ್ಸಿಗೆ ಧೈರ್ಯವು ಬರುವದು. ಧೈರ್ಯವೂ ಒಂದು ಔಷಧವೇ. ಆದರೆ ಹಾವು ಕಚ್ಚಿದವನನ್ನು, ನಂಜೇರಿದ ಬಾಣಂತಿಯನ್ನು, ಉಸಿರು ಕಟ್ಟಿದ ಕೂಸನ್ನು ಮಠದ ಕಟ್ಟೆಯ ಮೇಲೆ ಗಳಿಗೆಗಟ್ಟಲೆ ಕೂಡ್ರಿಸಿದರೆ, ಆ ತಡವು ಭಕ್ತಿಯಲ್ಲ, ಅಪರಾಧವು. ವಿಭೂತಿಯು ಶ್ರದ್ಧೆಯ ಲಾಂಛನವು, ಚಿಕಿತ್ಸೆಯ ಬದಲಿಯಲ್ಲ. ಕಾಯವೇ ಕೈಲಾಸವೆಂದ ಧರ್ಮದಲ್ಲಿ ಕಾಯವನ್ನು ಕೆಡಗೊಡುವದು ಕೈಲಾಸವನ್ನೇ ಕೆಡವಿದಂತೆ. ‘ಮೊದಲು ದವಾಖಾನೆಗೆ ನಡೆಯಿರಿ, ಆಶೀರ್ವಾದವು ನಿಮ್ಮ ಹಿಂದೆಯೇ ಬರುವದು’ ಎಂದು ಸ್ವಾಮಿಗಳ ಬಾಯಿಂದ ಬಂದ ಒಂದು ಮಾತು ನೂರು ಜಾಹೀರಾತುಗಳಿಗಿಂತ ಬಲವುಳ್ಳದ್ದು. ಅದರಂತೆಯೇ, ದವಾಖಾನೆಯಲ್ಲಿ ಕಿರಿಯ ದಾದಿಯು ಹಿರಿಯ ವೈದ್ಯನಿಗೆ ‘ಸಾಹೇಬರೇ, ಕೈ ತೊಳೆಯುವದು ಉಳಿಯಿತು’ ಎಂದು ನೆನಪು ಮಾಡಿಕೊಟ್ಟಾಗ, ಅದನ್ನು ಉದ್ಧಟತನವೆಂದು ತಿಳಿಯದೆ ಲಕ್ಕಮ್ಮನ ಮಾತೆಂದು ತಿಳಿಯುವ ಮನಸ್ಸು ಬೆಳೆಯಬೇಕು. ಅಂಥ ಮನಸ್ಸನ್ನು ಬೆಳೆಯಿಸುವದು ಕಾಯದೆಯಿಂದಾಗದು, ಸಂಸ್ಕಾರದಿಂದ ಆಗತಕ್ಕದ್ದು. ಸಂಸ್ಕಾರವನ್ನು ಕೊಡುವದೇ ಮಠದ ಕಾಯಕವು.

ಹಳೆಯ ಕೊಲ್ಹಾರವು ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಜನರು ಹೊಸ ನೆಲೆಗೆ ಬಂದು ಮನೆಗಳನ್ನು ಕಟ್ಟಿಕೊಂಡರು. ಗಡಿಗೆಗಳನ್ನೂ ಹೆಪ್ಪನ್ನೂ ಜೊತೆಗೆ ತಂದರು. ಊರಿನ ಮೊಸರಿನ ಹೆಸರು ಉಳಿಯಿತು. ಹಿಂದೆ ಮಳೆಗಾಲದ ಕೃಷ್ಣೆಯನ್ನು ದಾಟಬೇಕಾದರೆ ನಾವೆಯ ಹಾದಿಯನ್ನೇ ಕಾಯಬೇಕಾಗಿತ್ತು. ಹೊಳೆಯು ತುಂಬಿದರೆ ಆಚೆಯ ದಂಡೆಯ ರೋಗಿಯು ಆಚೆಯಲ್ಲಿಯೇ ಉಳಿಯುವನು. ಈಗ ಕೊರ್ತಿ ಕೊಲ್ಹಾರಗಳ ನಡುವೆ ಬಹು ಉದ್ದವಾದ ಸೇತುವೆಯು ನಿಂತಿದೆ. ಅದರ ಮೇಲೆ ನಡುರಾತ್ರಿಯಲ್ಲಿ ದೀಪವನ್ನು ಮಿನುಗಿಸುತ್ತ ಬಸುರಿಯನ್ನು ಹೊತ್ತ ವಾಹನವು ವಿಜಯಪುರದ ಕಡೆಗೆ ಓಡುವದು. ಸೇತುವೆಯ ಒಂದು ಕಂಬವು ಕುಸಿದರೂ ಉಳಿದ ಕಂಬಗಳ ಬಲವು ವ್ಯರ್ಥ. ಆಶಾ ಕಾರ್ಯಕರ್ತೆ, ವಾಹನದ ಚಾಲಕ, ದಾದಿ, ವೈದ್ಯ, ರಕ್ತವನ್ನು ಕೊಟ್ಟ ಅಪರಿಚಿತ, ಮನೆಯ ಹಿರಿಯ, ಮಠದ ಗುರು, ಇವರೆಲ್ಲರೂ ಆ ಕಂಬಗಳೇ.

ಇಂಥ ಸೇತುವೆಯು ಈ ನಾಡಿನ ಪ್ರತಿಯೊಬ್ಬ ರೋಗಿಗೂ ಹೊತ್ತಿಗೆ ಸರಿಯಾಗಿ ಒದಗಲಿ. ಯಾವ ತಾಯಿಯೂ ಒಂಟಿ ಕೈಯ ಕೊರತೆಯಿಂದ ಮಡಿಯದಿರಲಿ. ತಪ್ಪನ್ನು ಹೇಳುವ ಧೈರ್ಯವನ್ನೂ ತಿದ್ದಿಕೊಳ್ಳುವ ವಿನಯವನ್ನೂ ಶ್ರೀ ಗುರುಬಸವೇಶ್ವರನು ಎಲ್ಲರಿಗೂ ಕರುಣಿಸಲಿ.